ದೊಡ್ಡಮ್ಮ ಕೂತ ಕುರ್ಚಿ

ನಮ್ಮಣ್ಣ, ಅಂದರೆ ಬೈತಖೋಲದ ದೊಡ್ಡಮ್ಮನ ಮಗ, ಗಿಟಾರು ಹಿಡಿದು ನಿಂತನೆಂದರೆ ಕಾರವಾರದಿಂದ ಅಂಕೋಲೆಯವರೆಗಿನ ಹುಡುಗರೆಲ್ಲ ಹುಚ್ಚಾಗುತ್ತಿದ್ದರು. ಕ್ಯಾಸೆಟ್ಟು ಹೋಗಿ ಸೀಡಿ ಬರುತ್ತಿದ್ದ ಕಾಲ ಅದು. ಅವನ ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವಳು ಅವನ ಹೆಂಡತಿ, ನಮ್ಮ ಅತ್ತಿಗೆ. ಹಾಡಿನ ನಡುವೆ ಅವನು ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆಂಬುದು ಅವಳ ಕೈಯ ಕೋಲುಗಳಿಗೂ ಗೊತ್ತಿತ್ತು.

ಕಾಮಾಲೆ ಬಂದು ಅಣ್ಣ ಹೋದ. ಮಳೆಗಾಲ ಕಳೆದ ಮೇಲೆ, ಅವನ ಪುಟ್ಟ ಮಗಳ ಓದಿಗೆ ನೆರವಾಗಲೆಂದು ಗೆಳೆಯರು ಕಾರವಾರದಲ್ಲೊಂದು ಸಂಗೀತ ಕಾರ್ಯಕ್ರಮ ಇಟ್ಟರು. ಅತ್ತಿಗೆ ಹೇಳಿದ್ದು ಒಂದೇ ಮಾತು: "ಡ್ರಮ್ಸಿಗೆ ಬೇರೆ ಯಾರನ್ನೂ ಕರೀಬೇಡಿ. ನಾನೇ ಕೂತ್ಕಂತೆ."

ಕೇರಿಯ ಹಿರಿಯರಿಗೆ ಅಂದು ಅನ್ನ ಗಂಟಲಲ್ಲಿಳಿಯಲಿಲ್ಲ. ಕಾರ್ಯಕ್ರಮದ ಮುಂದಾಳಾಗಿದ್ದ ನಿವೃತ್ತ ಮಾಸ್ತರರನ್ನು ದೊಡ್ಡಮ್ಮನ ಮನೆಗೆ ಅಟ್ಟಿದರು. ನಾನು ಹಟ್ಟಿಕೇರಿಯಿಂದ ಬಂದು ಅಲ್ಲೇ ಜಗಲಿಯಲ್ಲಿ ಕೂತಿದ್ದೆ.

"ವರ್ಷ ಸಹಿತ ತುಂಬಲಿಲ್ಲ. ಗಂಡ ಸತ್ತವಳು ಸ್ಟೇಜಿನ ಮೇಲೆ ಧಡಬಡ ಬಡೀತಾ ಕೂತ್ರೆ ನೋಡೂಕೆ ಚೆಂದ ಆಗೂದಿಲ್ಲ. ಫೋಟೋದ ಪಕ್ಕ ಒಂದು ಕುರ್ಚಿ ಹಾಕ್ತೇವೆ, ಸುಮ್ಮನೆ ಕೂರಲಿ. ಶಾಲು ಹೊದಿಸ್ತೇವೆ," ಅಂದರು ಮಾಸ್ತರರು.

ಬಂಗಡೆ ಕೊಯ್ಯುತ್ತಿದ್ದ ದೊಡ್ಡಮ್ಮ ತಲೆ ಎತ್ತಲಿಲ್ಲ.

"ಮಾಸ್ತರ್ರೇ, ನನ್ನ ಗಂಡ ಸಮುದ್ರಕ್ಕೆ ಹೋದಂವ ತಿರುಗಿ ಬರಲಿಲ್ಲ. ಕ್ರಿಯೆ ಮುಗಿದದ್ದೇ ನಾ ಮೀನುಬುಟ್ಟಿ ಹೊತ್ಕಂಡು ನಿಮ್ಮ ಹಬ್ಬುವಾಡಕ್ಕೆ ಬಂದೆ. ನಿಮ್ಮ ಬಾಗಿಲಲ್ಲೇ ಕೂಗಿದ್ದೆ, ನೆನಪದೆಯಾ?"

"ಅದು ಹೊಟ್ಟೆಪಾಡು, ಬಾಯೀ."

"ಹೌದೇ ಹೌದು. ಆಗ ನಿಮ್ಮನೇಲಿ ಯಾರೂ ಚೆಂದ ನೋಡಲಿಲ್ಲ. ಸಿಗಡಿ ತಾಜಾ ಅದೆಯಾ ಅಂತ ನೋಡಿದ್ರು."

ಮಾಸ್ತರರು ನಕ್ಕರು. ಆದರೆ ಕುರ್ಚಿಯ ಮಾತು ಮಾತ್ರ ಬಿಡಲಿಲ್ಲ.

ನಿಜ ಹೇಳಬೇಕೆಂದರೆ ದೊಡ್ಡಮ್ಮನಿಗೆ ಆ ಸಂಗೀತ ಒಂದು ದಿನವೂ ಹಿಡಿಸಿದ್ದಿಲ್ಲ. "ಬೋಟಿನ ಇಂಜಿನ್ನು ಕೆಟ್ಟ ಹಾಂಗೆ ಕೇಳ್ತದೆ" ಎಂದು ಮಗನನ್ನು ಬೈಯುತ್ತಿದ್ದಳು. ಆದರೂ, ದಡಕ್ಕೆ ಎಳೆದಿಟ್ಟ ದೋಣಿಯೇ ಮೊದಲು ಬಿರಿಯುವುದು ಎಂದು ನಮ್ಮಜ್ಜಿ ಹೇಳುತ್ತಿದ್ದುದನ್ನು ಆ ಮನೆಯಲ್ಲಿ ಮರೆತವರಿರಲಿಲ್ಲ.

ಕಾರ್ಯಕ್ರಮದ ಸಂಜೆ ಸಭಾಗೃಹದಲ್ಲಿ ಕಾಲಿಡಲು ಜಾಗವಿಲ್ಲ. ಬಂದರಿನಲ್ಲಿ ಮೀನು ಹರಾಜು ಹಾಕುವ ಹೆಂಗಸರೆಲ್ಲ ಹೂ ಮುಡಿದು ಬಂದಿದ್ದರು. ವೇದಿಕೆಯ ಮುಂಭಾಗದಲ್ಲಿ ಹಾರ ಹಾಕಿದ ಅಣ್ಣನ ಫೋಟೋ, ಪಕ್ಕದಲ್ಲಿ ಕೆಂಪು ಮಖಮಲ್ಲಿನ ಕುರ್ಚಿ. ಡ್ರಮ್ಸ್ ಹಿಂದಿನ ಮೂಲೆಯಲ್ಲಿತ್ತು, ಮೇಲೆ ಬಟ್ಟೆ ಮುಚ್ಚಿತ್ತು.

"ದಿವಂಗತರ ಧರ್ಮಪತ್ನಿಯವರು ವೇದಿಕೆಗೆ ಬಂದು ಆಸೀನರಾಗಬೇಕು," ಎಂದರು ಮೈಕಿನಲ್ಲಿ ಮಾಸ್ತರರು.

ಅತ್ತಿಗೆ ಎದ್ದಳು. ಮೆಟ್ಟಿಲ ಹತ್ತಿರ ನಿಂತೇಬಿಟ್ಟಳು. ಎರಡೂ ಕೋಲುಗಳನ್ನು ಸೆರಗಿನೊಳಗೆ ಹಿಡಿದಿದ್ದಳು. ಇಡೀ ಸಭೆಯ ಕಣ್ಣು ಅವಳ ಬೆನ್ನ ಮೇಲೆ.

ಆಗ ನನ್ನ ಪಕ್ಕದಿಂದ ದೊಡ್ಡಮ್ಮ ಎದ್ದಳು. ಸೊಸೆಯನ್ನು ದಾಟಿ ಮೆಟ್ಟಿಲು ಹತ್ತಿದಳು, ಆ ಕುರ್ಚಿಯಲ್ಲಿ ಧಡಕ್ಕನೆ ಕೂತಳು.

"ಬಾಯೀ, ಇದು ಸೊಸೆಗೆ ಇಟ್ಟದ್ದು..." ಮಾಸ್ತರರು ಮೈಕು ಮುಚ್ಚುವುದನ್ನೂ ಮರೆತಿದ್ದರು.

"ಗೊತ್ತದೆ. ಗಂಡ ಸತ್ತವಳೊಬ್ಬಳು ಸುಮ್ಮನೆ ಕೂರಬೇಕು ಅಷ್ಟೇ ಅಲ್ಲಾ? ನಾ ಇದ್ದೇನಲ್ಲ, ಹಳೇ ಕೈ." ಆಮೇಲೆ ಸೊಸೆಯ ಕಡೆ ತಿರುಗಿದಳು. "ನೀ ಎಂತ ನೋಡ್ತೆ? ನಿನ್ನ ಕೆಲಸಕ್ಕೆ ಹೋಗೇ!"

ಹಿಂದಿನಿಂದ ಹರಾಜಿನ ಹೆಂಗಸೊಬ್ಬಳು ಹಾಕಿದ ಸಿಳ್ಳೆ ಬಂದರಿಗೇ ಕೇಳಿರಬೇಕು.

ಅತ್ತಿಗೆ ಬಟ್ಟೆ ಎಳೆದು ಬಿಸಾಕಿದಳು. ಮೊದಲ ಹಾಡು ಅಣ್ಣನದೇ. ಅವನು ಉಸಿರೆಳೆದುಕೊಳ್ಳುತ್ತಿದ್ದ ಜಾಗ ಬಂದಾಗ ಅವಳ ಕೋಲು ಗಾಳಿಯಲ್ಲೇ ನಿಂತಿತು. ಗಿಟಾರು ಹಿಡಿದಿದ್ದ ಗೆಳೆಯನೂ ತಡೆದ. ಅಷ್ಟೂ ಜನ ಉಸಿರು ಹಿಡಿದರು. ಮರುಗಳಿಗೆ ಅವಳು ಬಾರಿಸಿದ ಪೆಟ್ಟಿಗೆ ನನ್ನ ಎದೆಯ ಗೂಡು ಅದುರಿತು. ದೊಡ್ಡಮ್ಮ ಸ್ಪೀಕರಿನ ಮಗ್ಗುಲಲ್ಲೇ ಇದ್ದಳು. ಕಿವಿ ಮುಚ್ಚಲಿಲ್ಲ. ಮಾಸ್ತರರನ್ನೇ ನೋಡುತ್ತಿದ್ದಳು.

ಕೊನೆಗೆ ಮಾಸ್ತರರು ಶಾಲು ತಂದು ದೊಡ್ಡಮ್ಮನೆದುರು ಬಿಡಿಸಿದರು.

"ನನಗೆ ಯಾಕೆ? ಅಲ್ಲಿ ಬೆವರಿ ತೊಪ್ಪೆಯಾದವಳಿಗೆ ಕೊಡಿ."

ಮಾಸ್ತರರು ಶಾಲು ಹಿಡಿದು ಹಿಂದಿನ ಮೂಲೆಗೆ ನಡೆದರು. ಅತ್ತಿಗೆ ಆ ಶಾಲಿನಲ್ಲಿ ಮುಖ ಒರೆಸಿಕೊಂಡಳು, ಅದನ್ನೇ ಸೊಂಟಕ್ಕೆ ಬಿಗಿದಳು, ಇನ್ನೊಂದು ಹಾಡಿಗೆ ಕೋಲೆತ್ತಿದಳು.