ತಿರುವಿನಾಚೆಯ ಹಾರ್ನ್

ಕಾಣದ್ದೇನೋ ಬಂದು ಕಾಪಾಡಿತು ಎಂದು ಯಾರಾದರೂ ಹೇಳಿದರೆ ಮುಖ ತಿರುಗಿಸಿ ನಗುತ್ತಿದ್ದವನು ನಾನು. ಓದಿದ್ದು ಎಂಜಿನಿಯರಿಂಗ್. ಸದ್ದು ಬಂತೆಂದರೆ ಅದಕ್ಕೊಂದು ಮೂಲ ಇರಲೇಬೇಕು ಎಂದು ಈಗಲೂ ನಂಬುತ್ತೇನೆ. ಆ ಒಂದು ಸದ್ದಿನ ಮೂಲ ಮಾತ್ರ ನನಗೆ ಸಿಕ್ಕಿಲ್ಲ.

ಅಕ್ಕ ಒಂದು ವರ್ಷದ ಮಟ್ಟಿಗೆ ಕೆರಿಬಿಯನ್ ದ್ವೀಪವೊಂದರ ಮೆಡಿಕಲ್ ಕಾಲೇಜಿಗೆ ಪಾಠ ಮಾಡಲು ಹೋಗಿದ್ದಳು. ಅವಳನ್ನು ನೋಡಲು ಸುಳ್ಯದಿಂದ ಭಾವನೂ ನಾನೂ ಹೋದೆವು. ಭಾವ ಸಂಪಾಜೆ ಘಾಟಿಯಲ್ಲಿ ವರ್ಷಗಟ್ಟಲೆ ಜೀಪು ಓಡಿಸಿದವರು. ಬಾಡಿಗೆಗೆ ಪುಟ್ಟ ಕಾರೊಂದನ್ನು ಹಿಡಿದು ಮೂವರೂ ಕಡಲತೀರಗಳನ್ನು ನೋಡುತ್ತಾ ಹೊರಟೆವು. ಒಂದು ಕಡೆ ಕಪ್ಪು ಮರಳು, ಇನ್ನೊಂದು ಕಡೆ ಅಕ್ಕಿಹಿಟ್ಟಿನಂಥ ಬಿಳಿ. ಅಕ್ಕ ಕಟ್ಟಿ ತಂದ ನೀರುದೋಸೆಯನ್ನು ಬಾದಾಮಿ ಮರದ ಬುಡದಲ್ಲಿ ಕೂತು ತಿಂದೆವು.

ಅಲ್ಲಿಯೂ ನಮ್ಮಲ್ಲಿಯಂತೆ ಎಡಬದಿಯ ಓಡಾಟ. ಭಾವನಿಗೆ ಅಲ್ಲಿ ನಡೆಯುವ ಲೈಸನ್ಸ್ ಇಲ್ಲದ್ದರಿಂದ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಆದರೂ ತಿರುವು ಬಂದಾಗಲೆಲ್ಲ ಪಕ್ಕದಿಂದ ಅವರ ಕೈ ಚಾಚಿ ಬರುತ್ತಿತ್ತು, ಹಾರ್ನ್ ಒತ್ತಲು. ನನಗೆ ನಾಚಿಕೆ.

ಹಿಂದಿನ ಸೀಟಿನಿಂದ ಅಕ್ಕ ಹೇಳಿದಳು: "ಇಲ್ಲಿಯವರು ಹಾರ್ನ್ ಹಾಕುದು ಪರಿಚಯದವರು ಸಿಕ್ಕಿದ್ರೆ ಮಾತ್ರ, ಮಾರಾಯ್ರೆ. ನಿಮಗೆ ಈ ಊರಲ್ಲಿ ಎಷ್ಟು ಜನ ನೆಂಟರು ಉಂಟು?"

"ತಿರುವಿನ ಆಚೆ ಇರುವವ ಯಾವಾಗ್ಲೂ ಪರಿಚಯದವನೇ," ಎಂದರು ಭಾವ.

ಮಧ್ಯಾಹ್ನ ಕಳೆದ ಮೇಲೆ ಮೊಬೈಲಿನ ಮ್ಯಾಪ್ ತೋರಿಸಿದ ಕಿರಿದಾದ ಇಳಿಜಾರಿಗೆ ಕಾರು ತಿರುಗಿಸಿದೆ. ಎಡಕ್ಕೆ ಗುಡ್ಡ, ಬಲಕ್ಕೆ ತೀರಾ ಕೆಳಗೆ ಸಮುದ್ರ. ಮುಂದೆ ಕುರುಡು ತಿರುವು. ಭಾವ ಹಾರ್ನ್ ಒತ್ತಿದರು. ಆಚೆಯಿಂದ ಉತ್ತರ ಬಂತು. ನಮ್ಮ ಕಾರಿನ ಸಣ್ಣ ದನಿಯಲ್ಲ; ಘಾಟಿ ಹತ್ತುವ ನಮ್ಮ ಬಸ್ಸುಗಳ ದಪ್ಪ, ಉದ್ದನೆಯ ಹಾರ್ನ್. ಮೂವರಿಗೂ ಕೇಳಿಸಿತು.

"ನಿಲ್ಸು. ಹತ್ತುವವನಿಗೆ ದಾರಿ ಬಿಡ್ಬೇಕು," ಎಂದರು ಭಾವ.

ನಾನು ಗೊಣಗುತ್ತಲೇ ಗುಡ್ಡದ ಬದಿಗೆ ಸರಿಸಿ ನಿಲ್ಲಿಸಿದೆ. ಕಾದೆವು. ಏನೂ ಬರಲಿಲ್ಲ. ಎಂಜಿನ್ನಿನ ಸದ್ದೂ ಇಲ್ಲ. ಭಾವ ಇಳಿದು ತಿರುವಿನವರೆಗೆ ಹೋದರು. ವಾಪಸು ಬಂದವರೇ, ಮೊದಲೇ ಎಳೆದಿದ್ದ ಹ್ಯಾಂಡ್‌ಬ್ರೇಕನ್ನು ಇನ್ನಷ್ಟು ಬಿಗಿಯಾಗಿ ಎಳೆದರು.

ನಾನೂ ಹೋಗಿ ನೋಡಿದೆ. ತಿರುವು ಮುಗಿದಲ್ಲಿ ರಸ್ತೆಯೇ ಇರಲಿಲ್ಲ. ಅಷ್ಟಗಲಕ್ಕೂ ಕುಸಿದು ಸಮುದ್ರಕ್ಕೆ ಬಿದ್ದಿತ್ತು. ಆಚೆ ಉಳಿದಿದ್ದ ತುಂಡಿನ ಮೇಲೆ ಆಳೆತ್ತರದ ಹುಲ್ಲು. ಅಲ್ಲಿಗೆ ಸೈಕಲ್ಲೂ ಬರುವಂತಿರಲಿಲ್ಲ.

ಪ್ರತಿಧ್ವನಿಯೋ ಎಂದು ಕಾರಿಗೆ ಮರಳಿ ಮತ್ತೆ ಮತ್ತೆ ಹಾರ್ನ್ ಒತ್ತಿದೆ. ಅಲೆಗಳ ಸದ್ದಷ್ಟೇ. ದೂರದ ಹಡಗಿನದೇ? ಕಣ್ಣು ಹಾಯುವಷ್ಟು ದೂರವೂ ಸಮುದ್ರ ಖಾಲಿಯಿತ್ತು. ಈಗಲೂ ನಿದ್ದೆಗೆ ಜಾರುವಾಗ ಆ ಇಳಿಜಾರು ಕಣ್ಣೆದುರು ಬಂದು, ಇಲ್ಲದ ಬ್ರೇಕನ್ನು ನನ್ನ ಕಾಲು ಒತ್ತುತ್ತದೆ.

ಕಾರನ್ನು ಹಿಂದಕ್ಕೆ ತೆಗೆಯುವ ಮೊದಲು ಭಾವ ಕೈ ಚಾಚಿ ಹಾರ್ನನ್ನು ಮೆಲ್ಲಗೆ ಎರಡು ಸಲ ತಟ್ಟಿದರು. ದಾರಿ ಬಿಟ್ಟವನಿಗೆ ಥ್ಯಾಂಕ್ಸ್ ಎಂದು ಘಾಟಿಯಲ್ಲಿ ಹಾಗೆ ತಟ್ಟಿ ಹೋಗುವುದು ರೂಢಿ. ಈ ಸಲ ಅಕ್ಕ ನಗಲಿಲ್ಲ. ಹಿಂದಿನಿಂದ ಅವರ ಹೆಗಲ ಮೇಲೆ ಕೈಯಿಟ್ಟಳು. ಯಾರಿಗೆ ತಟ್ಟಿದ್ದು ಎಂದು ನಾನು ಭಾವನನ್ನು ಇವತ್ತಿಗೂ ಕೇಳಿಲ್ಲ.