ಯಾರು ಕಂಡ ನೆನಪು

ಹುಮನಾಬಾದಿನ ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಹೆಂಗಸೊಬ್ಬಳಿದ್ದಳು. ನಾನು ಸಂಜೆ ರೊಟ್ಟಿ ಕೊಳ್ಳಲು ಹೋದಾಗ ಒಲೆಯ ಮುಂದೆ ದಣಿದು ಕೂತಿರುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಿ, ಮೊಣಕೈಯಿಂದ ಹಣೆ ಒರೆಸಿಕೊಂಡು ಒಂದೇ ಸಂಗತಿ ಹೇಳುತ್ತಿದ್ದಳು. ಅವಳು ನಾಲ್ಕು ವರ್ಷದವಳಿದ್ದಾಗ ಜ್ವರ ಬಂದಿತ್ತು. ಬಸವಕಲ್ಯಾಣದ ದವಾಖಾನೆಗೆ ಒಯ್ಯಲು ಅವ್ವ ಅವಳನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿನ ರಸ್ತೆಯ ತನಕ ನಡೆದಿದ್ದಳು. ಮರುವರ್ಷವೇ ಅವ್ವ ತೀರಿಕೊಂಡಳು. ಅವಳಲ್ಲಿ ಉಳಿದ ಅವ್ವನ ನೆನಪು ಅದೊಂದೇ.

“ಈಗೂ ಕಣ್ಣಮುಂದ ಅದರಿ ಅಕ್ಕೋರೇ. ಅವ್ವನ ಹಿಮ್ಮಡಿ ಒಡದಾವ. ನಾ ಅಕಿ ಬೆನ್ನಮ್ಯಾಲೆ ಕಣ್ಣು ಮುಚ್ಚಿ ಮಲಗೀನಿ.”

ಒಮ್ಮೆ ಕೊಹಿನೂರಿನಿಂದ ಬಂದಿದ್ದ ಅವಳ ಅಕ್ಕ ಇದನ್ನು ಕೇಳಿ ನಕ್ಕಳು.

“ಕಣ್ಣು ಮುಚ್ಚಿದಾಕಿ ಹಿಮ್ಮಡಿ ಹ್ಯಾಂಗ ನೋಡಿದಿ, ಹುಚ್ಚಿ? ಹಿಂದ ನಡದಾಕಿ ನಾನು. ನಿನ್ನ ನೋಡಿದಾಕಿನೂ ನಾನ. ನಾ ಹೇಳಿ ಹೇಳಿ ಅದು ನಿಂದ ಆಗ್ಯಾದ.”

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ತಂಗಿ ಅದನ್ನು ತೆಗೆಯಲಿಲ್ಲ.

“ಹಂಗಾದ್ರ ಅವ್ವನ ನೆನಪ ನನಗ ಇಲ್ಲೇ ಇಲ್ಲೇನು?”

ಅಕ್ಕನ ನಗು ನಿಂತಿತು. ತಂಗಿಯೇ ಮತ್ತೆ ಕೇಳಿದಳು.

“ಅಕಿ ಕೊರಳಿನ ಮಣಿಸರ ನನ್ನ ಗದ್ದಕ್ಕ ಒತ್ತತಿತ್ತು. ಅದೂ ನೀನ ಹೇಳಿದ್ದೇನು?”

ಅಕ್ಕ ಯೋಚಿಸಿದಳು. “ಇಲ್ಲ. ಹಿಂದ ನಡದಾಕಿಗಿ ಅದು ಹ್ಯಾಂಗ ಗೊತ್ತಾಗಬೇಕು?”

“ಅಷ್ಟು ನನಗ ಬಿಡು. ಉಳದದ್ದು ನೀನ ಇಟ್ಕೋ,” ಎಂದು ಅವಳು ಇನ್ನೊಂದು ಹಿಟ್ಟಿನ ಉಂಡೆ ಎತ್ತಿಕೊಂಡಳು.