ಕುರಿಗೊಬ್ಬರ ಸುರಿದ ಗುಂಡಿಗಳು

ಪೆನ್ನಾಗರಂ ಕಡೆಯ ನಮ್ಮ ಹೊಳೆಯನ್ನು ಸೀಮೆಜಾಲಿ ನುಂಗಿಹಾಕಿತ್ತು. ಮಳೆಯೂ ಕೈಕೊಟ್ಟ ವರ್ಷಗಳವು. ಕೊನೆಗೆ ಎರಡೂ ದಡದ ಊರಿನವರು ಸೇರಿ ಸಂಘ ಮಾಡಿಕೊಂಡು, ಜೆಸಿಬಿ ತರಿಸಿ, ಜಾಲಿಯನ್ನು ಬೇರುಸಹಿತ ಕೀಳಿಸಿದೆವು. ದಡದುದ್ದಕ್ಕೂ ಹೊಂಗೆ, ನೇರಳೆ, ಹೊಳೆಮತ್ತಿ ನೆಡುವುದೆಂದಾಯಿತು. ಸಸಿಗಳು ಮೇಲೇಳುವ ತನಕ ಕುರಿಗಳನ್ನು ದಡಕ್ಕೆ ಬಿಡಲೇಬಾರದು ಎಂದು ಕೆಲವರು ಹಟ ಹಿಡಿದರು. ನಮ್ಮಪ್ಪನ ಬದುಕೇ ಕುರಿ. ಬೇಸಿಗೆಯಲ್ಲಿ ಹೊಳೆಯ ಮಡು ಬಿಟ್ಟರೆ ಅವಕ್ಕೆ ಬೇರೆ ನೀರಿಲ್ಲ. ದಾರಿ ಮುಚ್ಚಿದರೆ ಮಂದೆಯನ್ನೇ ಮಾರಬೇಕು. ಬಹಳ ಮಾತುಕತೆಯಾದ ಮೇಲೆ ನೀರಿಗಿಳಿಯಲು ಒಂದು ದಾರಿ ಬಿಟ್ಟರು. ಕುರಿಯಿಂದ ಕೆಲಸ ಕೆಟ್ಟರೆ ಅದನ್ನೂ ಮುಚ್ಚುತ್ತೇವೆ ಎಂದರು.

ನನಗೆ ಮೈಯೆಲ್ಲ ಉರಿಯಿತು. ಅಪ್ಪನಿಗೋ ದಾರಿ ಸಿಕ್ಕಿತೆಂಬ ಖುಷಿ. ಅಷ್ಟೂ ಸಸಿಗಳಿಗೆ ಗೊಬ್ಬರ ನನ್ನದು ಎಂದುಬಿಟ್ಟ. ಕುರಿಗೊಬ್ಬರವೆಂದರೆ ನಮಗೆ ಸಣ್ಣ ಹೆಮ್ಮೆಯಲ್ಲ. ಕೊಯ್ಲು ಮುಗಿದ ಹೊಲದಲ್ಲಿ ಮಂದೆ ಹಾಕಿ ಎಂದು ಒಕ್ಕಲು ಮನೆಯವರೇ ಬಂದು ಕರೆಯುತ್ತಾರೆ. ಕುರಿಗಳು ಅಲ್ಲೇ ಮಲಗಿ, ಹಿಕ್ಕೆ ಉದುರಿ, ಹೊಲಕ್ಕೆ ಕಸುವು ಬರುತ್ತದೆ. ಅಪ್ಪನೂ ನಾನೂ ಬುಟ್ಟಿ ಬುಟ್ಟಿ ಹೊತ್ತು, ಸಸಿ ನೆಡಲು ತೋಡಿದ ಗುಂಡಿಗಳಿಗೆ ಸುರಿದೆವು. ಎದುರಿಗೆ ಬಂದವರಿಗೆಲ್ಲ ತೋರಿಸಿಕೊಂಡೇ ಹೊತ್ತೆ ಎನ್ನಿ.

ಮಳೆ ಬಿದ್ದು ಎರಡು ವಾರಕ್ಕೆ ಒಂದೊಂದು ಗುಂಡಿಯಲ್ಲೂ ಸಸಿಯ ಸುತ್ತ ಜಾಲಿ ಮೊಳಕೆ. ಊರಿಗೆ ಊರೇ ಬೆವರು ಸುರಿಸಿ ಕಿತ್ತದ್ದನ್ನು ನಾವು ಹೊತ್ತು ತಂದು ಬಿತ್ತಿದ್ದೆವು. ಮೇವಿಲ್ಲದ ಬೇಸಿಗೆಯಲ್ಲಿ ಕುರಿಗಳು ತಿಂದದ್ದೇ ಜಾಲಿಕಾಯಿ. ಆ ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯ ಜೊತೆ ಬಿದ್ದು ಮೊಳೆಯುತ್ತದೆ ಎಂಬುದು ತಲೆತಲಾಂತರದಿಂದ ಕುರಿ ಕಾಯುವ ನಮಗೇ ಹೊಳೆದಿರಲಿಲ್ಲ. ದೊಡ್ಡಿಯಲ್ಲಿ ಮೊಳೆತದ್ದನ್ನು ಕುರಿಗಳೇ ತುಳಿದು ಹಾಕುತ್ತಿದ್ದವು, ನಾವೆಲ್ಲಿ ನೋಡಬೇಕು.

ಹುಣಸೆಮರದ ಕೆಳಗೆ ಸಂಘ ಸೇರಿತು. ಮೇಲಿನಿಂದ ಹರಿದ ನೀರು ಬೀಜ ತಂದಿರಬೇಕು ಎಂದು ಯಾರೋ ಅಂದರು. ಉಳಿದವರು ತಲೆಯಾಡಿಸಿದರು. ಸುಮ್ಮನಿರು ಎಂದು ನಾನು ಅಪ್ಪನ ತೋಳು ಜಿಗುಟಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಪ್ಪ ಎದ್ದು ನಿಂತ.

"ನೀರು ತಂದದ್ದಲ್ಲ. ನನ್ ಕುರಿ ಒಟ್ಟೆಯಿಂದ ಬಂದದ್ದು. ಗೊಬ್ರ ಆಕ್ದೋನು ನಾನು."

ಕೂಡಲೇ ಒಬ್ಬರು ದಾರಿ ಮುಚ್ಚುವ ಮಾತು ತೆಗೆದರು. ಅಪ್ಪ ತಲೆ ತಗ್ಗಿಸಿಕೊಂಡೇ ಇದ್ದ. ಆಗ ಕೆಳಗಿನ ಊರಿನ ಒಬ್ಬ ಹೆಂಗಸು ಮಾತಾಡಿದರು. ನನಗೆ ಬುದ್ಧಿ ಬಂದಾಗಿನಿಂದ ವರ್ಷವರ್ಷವೂ ನಮ್ಮ ಮಂದೆ ಬೀಳುವುದು ಅವರ ಹೊಲದಲ್ಲೇ. ನೆಂಟರಲ್ಲದಿದ್ದರೂ ನಾನು ಅವರನ್ನು ಅತ್ತೆ ಎಂದೇ ಕರೆಯುವುದು. ತಮ್ಮ ಹೊಲದಲ್ಲೂ ಪ್ರತಿ ಮಳೆಗೆ ಹೀಗೇ ಜಾಲಿ ಹುಟ್ಟುತ್ತದೆ, ತಾವೂ ಸೊಸೆಯರೂ ಕೂತು ಕೀಳುತ್ತೇವೆ, ಎಳೆಯದಿರುವಾಗ ಕೈಗೇ ಬರುತ್ತದೆ ಎಂದರು. ಇದನ್ನೂ ಹಾಗೇ ಕಿತ್ತರಾಯಿತು, ಅದಕ್ಕೆ ದಾರಿ ಯಾಕೆ ಮುಚ್ಚಬೇಕು ಎಂದು ಸೆರಗು ಸಿಕ್ಕಿಸಿಕೊಂಡು ಹೊಳೆ ಕಡೆಗೆ ನಡೆದೇಬಿಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಹೋದರು. ದಾರಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಇವತ್ತಿಗೂ ನಮ್ಮ ಕುರಿಗಳು ಅಲ್ಲೇ ನೀರು ಕುಡಿಯುತ್ತವೆ, ಈಗ ಹೊಂಗೆಯ ನೆರಳೂ ಇದೆ.

ಆ ದಿನ ನಾನು ಅತ್ತೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಇವರ ಹೊಲ ಉದ್ಧಾರ ಮಾಡಿದವರು ನಾವು ಎಂದು ಇಷ್ಟು ವರ್ಷ ಬೀಗಿದವಳು ನಾನು. ಇವರೋ ನಮ್ಮ ಹಿಂದೆಯೇ ಬಗ್ಗಿ ಬಗ್ಗಿ ಕಿತ್ತಿದ್ದರು, ಒಂದು ಮಾತೂ ಆಡದೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅತ್ತೆ ಕೈ ನಿಲ್ಲಿಸಲಿಲ್ಲ. "ಏಳಿದ್ರೆ ನಿಮ್ಮಪ್ಪ ನಾಚ್ಕಂಡು ಮಂದೆನ ಬೇರೆ ಕಡೆ ಒಡ್ಕಂಡು ಓಗ್ತಿದ್ದ. ಜಾಲಿ ಕಿತ್ರೆ ಓಯ್ತದೆ, ಮಗಾ. ನೀವು ಬರೋದು ನಿಂತ್ರೆ ನಾವ್ ಏನ್ ಮಾಡೋದು?"